ಪುಟಿಯುತ್ತಿದ್ದ ಪಿಕಪ್ಪು

ನಾಟಕ ಕಂಪನಿಯವರು ಊರೂರು ತಿರುಗಲು ಕಟ್ಟಿಸಿದ ಗಾಲಿಮನೆಯನ್ನು ಒಂದು ಪಿಕಪ್ಪು ಎಳೆಯುತ್ತಿತ್ತು. ಪಿಕಪ್ಪಿಗೆ ತನ್ನ ಬೆನ್ನಿನ ಮೇಲೆ ಬಲು ಮಮಕಾರ. ಗಾಲಿಮನೆಯ ಮೂತಿ ಎರಡನ್ನೂ ಜೋಡಿಸಿದ ಕೊಂಡಿಯ ಮೇಲೆ ಕೊಂಚ ಭಾರ ಬಿಟ್ಟರೂ ಪಿಕಪ್ಪು ನರಳುತ್ತಿತ್ತು. ಆ ನರಳಾಟ ಕೇಳಲಾರದೆ ಡ್ರೈವರ್ ಮಾಬುಸಾಬ ವೇಷಭೂಷಣದ ಟ್ರಂಕುಗಳನ್ನೆಲ್ಲ ಗಾಲಿಮನೆಯ ಹಿಂತುದಿಗೆ ಸರಿಸಿದ.

ಕೊಂಡಿ ಹಗುರಾಯಿತು. ಆದರೆ ಸಣ್ಣ ಗುಂಡಿ ಸಿಕ್ಕರೂ ಪಿಕಪ್ಪಿನ ಹಿಂಭಾಗ ಚೆಂಡಿನಂತೆ ಪುಟಿಯತೊಡಗಿತು. ಮಾಬುಸಾಬನ ತಲೆ ಛಾವಣಿಗೆ ಬಡಿಯಿತು.

"ಸಾಕಾಯ್ತು. ಮುಂದಿನ ಊರಲ್ಲಿ ಈ ಗಾಲಿಮನೆ ಬಿಟ್ಟೇ ಹೋಗೋದು," ಎಂದು ಅವನು ಗೊಣಗಿದ.

"ಕೇಳಿದೆಯಾ? ನನ್ನನ್ನು ಕುಣಿಸಿದ್ದಕ್ಕೆ ತಕ್ಕ ಶಾಸ್ತಿ," ಎಂದಿತು ಪಿಕಪ್ಪು.

"ಕುಣಿಸುತ್ತಿರುವುದು ಹಿಂದೆ ಕೂತ ಭಾರ, ಅಣ್ಣ," ಎಂದಿತು ಗಾಲಿಮನೆ. "ನನ್ನ ಬಾಲ ಕುಸಿದಾಗಲೆಲ್ಲ ಮೂತಿ ಮೇಲೆದ್ದು ನಿನ್ನನ್ನೂ ಎತ್ತುತ್ತದೆ. ಆ ಭಾರದಲ್ಲಿ ಸ್ವಲ್ಪ ನೀನು ಹೊತ್ತರೆ ಇಬ್ಬರೂ ಸ್ಥಿರವಾಗಿರುತ್ತೇವೆ."

ಅಷ್ಟರಲ್ಲಿ ಇಳಿಜಾರು ಬಂತು. ಬ್ರೇಕು ಬಿದ್ದಂತೆಲ್ಲ ಟ್ರಂಕುಗಳು ಮುಂದಕ್ಕೆ ಜಾರಿದವು, ಕೊಂಡಿಯ ಮೇಲೆ ಭಾರ ಬಿತ್ತು. ಗಂಟಲವರೆಗೆ ಬಂದ ನರಳಾಟವನ್ನು ಪಿಕಪ್ಪು ಈ ಸಲ ನುಂಗಿಕೊಂಡಿತು.

ಇಳಿಜಾರು ಮುಗಿಯಿತು. ರಸ್ತೆಯಲ್ಲಿ ಗುಂಡಿಗಳು ಹಾಗೇ ಇದ್ದರೂ ಪುಟಿಯುವುದು ನಿಂತಿತ್ತು. ಅಚ್ಚರಿಪಟ್ಟ ಮಾಬುಸಾಬ ಗಾಡಿ ನಿಲ್ಲಿಸಿ, ಗಾಲಿಮನೆಯ ಒಳಗೆ ಇಣುಕಿ ನೋಡಿದ. ಟ್ರಂಕುಗಳನ್ನು ಇದ್ದಲ್ಲೇ ಹಗ್ಗದಿಂದ ಬಿಗಿದ.

ಗಾಲಿಮನೆಯನ್ನು ಬಿಟ್ಟು ಹೋಗಬೇಕಿದ್ದ ಊರನ್ನು ಅವೆರಡೂ ಒಟ್ಟಿಗೇ ದಾಟಿದವು.

"ಭಾರವಾಯಿತೇ, ಅಣ್ಣ?" ಎಂದು ಗಾಲಿಮನೆ ಕೇಳಿತು.

"ಆಗಿದೆ, ಇರಲಿ," ಎಂದಿತು ಪಿಕಪ್ಪು. "ಈಗಲಾದರೂ ಕಾಲು ನೆಲಕ್ಕೆ ತಾಕುತ್ತಿದೆ."