ಡಾಕ್ಟರ ಅತ್ತೆಯ ಹೊಟ್ಟೆ

ಸ್ವಲ್ಪ ಹತ್ತಿರ ಬನ್ನಿ, ಈ ಮಾತು ನಿಮ್ಮಲ್ಲೇ ಇರಲಿ. ನಮ್ಮ ಬೀದಿಯ ಚೆಲುವಾಜಮ್ಮನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು.

“ನಾಳೆಯೇ ಆಪರೇಷನ್ನು. ನನ್ನ ಕೈಗುಣ ಊರಿಗೇ ಗೊತ್ತು, ಯಾರನ್ನೂ ವಿಚಾರಿಸಬೇಕಿಲ್ಲ” ಎಂದು ನಮ್ಮೂರ ಆಸ್ಪತ್ರೆಯ ಸರ್ಜನ್ನು ಮೀಸೆ ತಿರುವಿದ.

ಚೆಲುವಾಜಮ್ಮ ಹೊಟ್ಟೆ ಹಿಡಿದುಕೊಂಡೇ ಕೇಳಿದಳು, “ನಿಮ್ಮ ಅತ್ತೆಯವರಿಗೂ ಇದೇ ಕಾಯಿಲೆಯಿತ್ತಂತಲ್ಲ ಸ್ವಾಮಿ, ಈಗ ಹೇಗಿದ್ದಾರೆ?”

“ಗುಂಡುಕಲ್ಲಿನ ಹಾಗಿದ್ದಾರೆ!”

“ನೀವೇ ಕುಯ್ದಿರಾ?”

“ಛೆ, ಹೆಚ್ಚುಕಮ್ಮಿಯಾದರೆ ಹೆಂಡತಿ ಬಿಡ್ತಾಳಾ? ಮೈಸೂರಿನ ಲಲಿತಾಂಬ ಡಾಕ್ಟರ ಹತ್ತಿರ ಕಳಿಸಿದೆ.”

“ನಾನೂ ಒಬ್ಬರ ಅತ್ತೆಯೇ ಸ್ವಾಮಿ. ಆ ಡಾಕ್ಟರಿಗೇ ಒಂದು ಚೀಟಿ ಬರೆದುಕೊಡಿ.”

ಸರ್ಜನ್ನಿನ ಮುಖ ಹುಳ್ಳಗಾಯಿತು. ತೆಪ್ಪಗೆ ಚೀಟಿ ಬರೆದ.

ಕಲ್ಲು ತೆಗೆಸಿಕೊಂಡು ಬಂದವಳಿಗೆ ಪಕ್ಕದ ಮನೆ ಸಿದ್ದಮ್ಮ ಮುಖದ ಮೇಲೇ ಅಂದಳು, “ಊರವರ ಸುದ್ದಿ ಕೆದಕ್ತೀಯ ಅಂತ ಬೈದಿದ್ದೆ, ತಪ್ಪಾಯ್ತು ಕಣೆ. ನನ್ನ ಮಂಡಿಗೂ ಇನ್ನೊಬ್ಬ ಡಾಕ್ಟರು ಆಪರೇಷನ್ ಹೇಳಿದ್ದಾರೆ. ಆ ಡಾಕ್ಟರ ಮನೇದೂ ಸ್ವಲ್ಪ ಕೆದಕು.”