ಸೋರೆಬುರುಡೆಯ ಮುಚ್ಚಳ

ಹಕ್ಕಿಗಳ ಹಾಡು, ಹರಟೆಗಳನ್ನು ಹಿಡಿದಿಟ್ಟು ಬೇಕೆಂದಾಗ ಕೇಳಿಸುವ ಸೋರೆಬುರುಡೆಗಳನ್ನು ಕಾಡಿನಲ್ಲಿ ಇಬ್ಬರು ಮಾಡುತ್ತಿದ್ದರು. ನರಿ ತನ್ನ ಬುರುಡೆಗಳಿಗೆ ಅರಗು ಹಾಕಿ ಭದ್ರವಾಗಿ ಮುಚ್ಚುತ್ತಿತ್ತು. ಹಾಡಿನ ನಡುವೆ ತನ್ನದೇ ಹೊಗಳಿಕೆಯನ್ನೂ ತುರುಕಿರುತ್ತಿತ್ತು. ಮರಕುಟುಕ ಮಾತ್ರ ಮುಚ್ಚಳವಿಟ್ಟು, "ತೆಗೆದು ನೋಡಿ, ಕಲಿತುಕೊಳ್ಳಿ, ನೀವೂ ಮಾಡಿ ಹಂಚಿ" ಎನ್ನುತ್ತಿತ್ತು.

"ನಿನಗೆ ತಲೆ ಕೆಟ್ಟಿದೆ. ಕಂಡಕಂಡವರೆಲ್ಲ ಕೈಯಾಡಿಸಿದರೆ ಅದು ಉಳಿಯುವುದುಂಟೇ?" ಎಂದು ನರಿ ನಕ್ಕಿತು. ಮರಕುಟುಕಕ್ಕೂ ಒಳಗೊಳಗೇ ಅದೇ ಅಳುಕು.

ಒಂದು ಮಳೆಗಾಲದಲ್ಲಿ ಮರಕುಟುಕದ ಕೊಕ್ಕು ಸೀಳಿಹೋಯಿತು. ಅದೇ ಹೊತ್ತಿಗೆ ಥಂಡಿ ಹಿಡಿದು ಕಾಡಿನ ಬುರುಡೆಗಳೆಲ್ಲ ಗೊರಗುಟ್ಟತೊಡಗಿದವು. ರಿಪೇರಿ ಮಾಡಲು ಕೊಕ್ಕಿಲ್ಲ. ತನ್ನ ಕಥೆ ಮುಗಿಯಿತೆಂದು ಅದು ಪೊಟರೆಯಲ್ಲಿ ಮುದುಡಿ ಕೂತಿತು. ಆದರೆ ಒಂದು ಬೆಳಿಗ್ಗೆ ಕೆಳಗಿನಿಂದ ಕಾಜಾಣದ ಹಾಡು ಮೊದಲಿಗಿಂತ ಸ್ವಚ್ಛವಾಗಿ ಕೇಳಿಸಿತು. ಇಣುಕಿದರೆ, ತಾನು ಮಾಡಿದ ಬುರುಡೆಯೊಳಗಿನಿಂದ ಇರುವೆಯೊಂದು ಹೊರಬರುತ್ತಿತ್ತು.

"ಒಳಗಿನ ನಾರು ಸಡಿಲವಾಗಿತ್ತು, ಬಿಗಿದೆ. ಉಳಿದ ಬುರುಡೆಗಳನ್ನು ನಮ್ಮವರು ನೋಡುತ್ತಿದ್ದಾರೆ" ಎಂದಿತು ಇರುವೆ.

"ನಿನಗೆ ಯಾರು ಹೇಳಿದರು?"

"ಯಾರು ಹೇಳಬೇಕು? ಮುಚ್ಚಳ ಇತ್ತಲ್ಲ."

ಅಷ್ಟರಲ್ಲಿ ನರಿಯೂ ಗೊರಗುಟ್ಟುವ ತನ್ನ ಬುರುಡೆಯನ್ನು ಹೊತ್ತು ಬಂದಿತು. "ಇದನ್ನೂ ಸ್ವಲ್ಪ ನೋಡಮ್ಮ" ಎಂದಿತು.

ಇರುವೆ ಬುರುಡೆಯ ಸುತ್ತ ಹರಿದಾಡಿ, "ಎಲ್ಲಿಂದ ಒಳಗೆ ಹೋಗಲಿ, ನರಿಯಣ್ಣ?" ಎಂದು ಕೇಳಿತು.

ನರಿ ಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡಿತು. ತಾನೇ ಹಾಕಿದ ಅರಗು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ದಾರಿ ಅದಕ್ಕೂ ಸಿಗಲಿಲ್ಲ.