ಮೊದಲು ಚೀಲ ಹತ್ತಿದ ಸ್ವೆಟರು

ಕಲಬುರಗಿಯ ಮಹಾನಂದಾ ಟೀಚರು ಹಿಮದ ಬೆಟ್ಟ ನೋಡಲು ಹೊರಟು ಚೀಲ ತೆರೆದರು. ಕಪಾಟಿನಲ್ಲಿ ಹನ್ನೊಂದು ವರ್ಷ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಕೂತಿದ್ದ ಉಣ್ಣೆಯ ಸ್ವೆಟರು ಎದೆಯುಬ್ಬಿಸಿತು. ಆ ಬಿಸಿಲೂರಿನಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಈಗ ಅದರ ಕಾಲ ಬಂದಿತ್ತು.

"ದಾರಿ ಬಿಡಿ! ಈ ಪ್ರಯಾಣ ಹೊರಟಿರುವುದೇ ನನ್ನ ಭರವಸೆಯ ಮೇಲೆ. ಮೊದಲು ಹತ್ತುವವನು ನಾನು" ಎಂದು ಅದು ಚೀಲದ ತಳದಲ್ಲಿ ಅಗಲವಾಗಿ ಕೈಚಾಚಿ ಮಲಗಿತು. ಅದರ ಮೇಲೆ ಸೀರೆಗಳು, ಸೀರೆಗಳ ಮೇಲೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಕೂತವು.

ಎಲ್ಲರಿಗೂ ದಾರಿ ಬಿಟ್ಟು ನಿಂತಿದ್ದ ತೆಳ್ಳನೆಯ ಟವೆಲು ಕಡೆಗೆ ಕೇಳಿತು: "ಅಣ್ಣಾ, ನನಗೂ ಒಂಚೂರು ಜಾಗ ಇದೆಯಾ?"

"ಚಳಿಯಲ್ಲಿ ನಿನಗೇನು ಕೆಲಸ? ಚೀಲದ ಬಾಯಿ ಹತ್ತಿರ ಎಲ್ಲಾದರೂ ತೂರಿಕೋ" ಎಂದಿತು ಸ್ವೆಟರು ಕೆಳಗಿನಿಂದ.

ಬೆಟ್ಟದ ತುದಿಯಲ್ಲಿ ಬಸ್ಸು ನಿಂತಿತು. ಇಳಿದ ಟೀಚರಿಗೆ ಗಾಳಿ ಬಡಿದು ಹಲ್ಲು ಕಟಕಟ ಎಂದವು. ಅವರು ಚೀಲದೊಳಗೆ ಕೈ ಹಾಕಿ ತಡಕಾಡಿದರು.

"ಇಲ್ಲಿದ್ದೇನೆ! ಇನ್ನೂ ಕೆಳಗೆ!" ಎಂದು ಸ್ವೆಟರು ಕೂಗಿತು.

ಆ ಗಾಳಿಯಲ್ಲಿ ಗಂಟು ಇಳಿಸಿ, ಸೀರೆ ಹರವಿ ಯಾರು ಹುಡುಕುತ್ತಾರೆ? ಕೈಗೆ ಸಿಕ್ಕ ಟವೆಲನ್ನೇ ಕಿವಿ ಮುಚ್ಚುವಂತೆ ಬಿಗಿದುಕೊಂಡು, ನಡುಗುತ್ತಲೇ ಟೀಚರು ಹಿಮ ನೋಡಿದರು.

ಸಂಜೆ ಬೆಟ್ಟವಿಳಿದ ಮೇಲೆ, ಕೆಳಗಿನ ಊರಿನ ಕೋಣೆಯಲ್ಲಿ ಚೀಲ ಬರಿದಾಯಿತು. ಹಿಮಕ್ಕೆ ಒದ್ದೆಯಾಗಿ ಗೂಟಕ್ಕೆ ನೇತಾಡುತ್ತಿದ್ದ ಟವೆಲನ್ನು, ಬೆಚ್ಚಗೆ ಹೊರಬಂದ ಸ್ವೆಟರು ಮೆಲ್ಲಗೆ ಕೇಳಿತು:

"ತಮ್ಮಾ, ಚಳಿ ಹೇಗಿತ್ತು?"